ನಿಮಗಿದು ಗೊತ್ತೆ? ನಕಲು ನಿಂತಲ್ಲೇ ಪ್ರೋಟೀನಿನ ಠಿಕಾಣಿ!

ಜೀವಕೋಶದಲ್ಲಿ ಆರ್‌ಎನ್‌ಎ ಒಂಟಿಯಾಗಿರುವುದು ಅಪರೂಪ. ಅದಕ್ಕೆ ಅಂಟಿಕೊಳ್ಳುವ ಪ್ರೋಟೀನುಗಳೇ ಅದನ್ನು ಎಲ್ಲಿ ಕತ್ತರಿಸಿ ಜೋಡಿಸಬೇಕು, ಯಾವಾಗ ನಾಶಪಡಿಸಬೇಕು ಎಂಬುದನ್ನು ನಿರ್ಧರಿಸುತ್ತವೆ. ಯಾವ ಪ್ರೋಟೀನು ಎಲ್ಲಿ ಅಂಟಿದೆ ಎಂದು ಪತ್ತೆಹಚ್ಚುವ ‘ಕ್ಲಿಪ್’ ವಿಧಾನವನ್ನು 2003ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಯೆರ್ನೇ ಊಲೆ, ರಾಬರ್ಟ್ ಡಾರ್ನೆಲ್ ಮತ್ತು ಸಂಗಡಿಗರು ಇಲಿಯ ಮಿದುಳಿನಲ್ಲಿ ಮಾಡಿ ತೋರಿಸಿದರು. ಅತಿನೇರಳೆ ಬೆಳಕು ಬಿದ್ದರೆ, ಒಂದನ್ನೊಂದು ತಾಗಿಕೊಂಡಿರುವ ಪ್ರೋಟೀನು, ಆರ್‌ಎನ್‌ಎಗಳು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ಬೇಕಾದ ಪ್ರೋಟೀನನ್ನು ಪ್ರತಿಕಾಯದಿಂದ ಹಿಡಿದು ಹೊರತೆಗೆದು, ಅದಕ್ಕಂಟಿದ ಆರ್‌ಎನ್‌ಎ ತುಣುಕನ್ನು ಓದಿದರಾಯಿತು.

ಆದರೆ ಓದುವ ಮುನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲಿಸಬೇಕು. ಬೆಸೆದ ಜಾಗದಲ್ಲಿ ಉಳಿದುಬಿಡುವ ಪ್ರೋಟೀನಿನ ಚೂರು ಅಡ್ಡಬಂದು ಹೆಚ್ಚಿನ ನಕಲುಗಳು ಅರ್ಧಕ್ಕೇ ನಿಲ್ಲುತ್ತಿದ್ದವು, ಲೆಕ್ಕಕ್ಕೇ ಸಿಗದೆ ಹೋಗುತ್ತಿದ್ದವು. 2010ರಲ್ಲಿ ಬಂದ ‘ಐಕ್ಲಿಪ್’ ಆ ಅರೆ ನಕಲುಗಳನ್ನೇ ಉಳಿಸಿಕೊಂಡಿತು. ನಕಲು ನಿಂತಿದೆ ಎಂದರೆ ಅದರ ಪಕ್ಕದ ಆರ್‌ಎನ್‌ಎ ಅಕ್ಷರದಲ್ಲೇ ಪ್ರೋಟೀನು ಕೂತಿದೆ ಎಂದರ್ಥ! ತೊಡಕನ್ನೇ ಸುಳಿವಾಗಿಸಿಕೊಂಡ ಈ ಹೆಜ್ಜೆ ನಿಜಕ್ಕೂ ಮೆಚ್ಚುವಂಥದ್ದು.

ಕ್ಯಾಲಿಫೋರ್ನಿಯಾದ ಜೀನ್ ಯೋ ತಂಡ 2016ರಲ್ಲಿ ಪ್ರಕಟಿಸಿದ ‘ಇಕ್ಲಿಪ್’ ಪ್ರಯೋಗದ ನಡುವೆ ಪೋಲಾಗುತ್ತಿದ್ದ ಮಾದರಿಯನ್ನು ಬಹಳಷ್ಟು ಉಳಿಸಿತು. ಸುಳ್ಳು ಗುರುತುಗಳನ್ನು ಸೋಸಲು ಹೋಲಿಕೆಯ ಮಾದರಿಯನ್ನೂ ಜತೆಗಿಟ್ಟಿತು. ಇದರ ನೆರವಿನಿಂದ 150 ಮಾನವ ಪ್ರೋಟೀನುಗಳು ಆರ್‌ಎನ್‌ಎಗೆ ಅಂಟುವ ಜಾಗಗಳ ನಕ್ಷೆ 2020ರಲ್ಲಿ ಹೊರಬಂತು.