ಋಣವನ್ನು ಒಪ್ಪುವ ಒಂದು ಸಾಲು

ಅನ್ಯರ ಕಾಯಕದ ಫಲವನ್ನುಂಡು ಅವರ ಹೆಸರನ್ನು ಮರೆಸುವುದು ಧರ್ಮವೇ? ಅಮೆರಿಕದ ವಿಜ್ಞಾನ ಕಥಾಚಿತ್ರಗಳ ಲೋಕದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ.

1979ರಲ್ಲಿ ತೆರೆಕಂಡ ‘ಏಲಿಯನ್’ ಚಿತ್ರದಲ್ಲಿ, ವ್ಯೋಮನೌಕೆಯನ್ನು ಹೊಕ್ಕ ಅನ್ಯಲೋಕದ ಜೀವಿಯು ಮನುಷ್ಯನ ಒಡಲಲ್ಲೇ ತನ್ನ ಸಂತಾನವನ್ನು ಬೆಳೆಸುತ್ತದೆ. ಕೆನಡಾದಲ್ಲಿ ಜನಿಸಿದ ಲೇಖಕ ಎ. ಇ. ವಾನ್ ವೋಗ್ಟ್ ಅವರು ಇಂಥ ಕಥೆಯನ್ನು 1939ರಲ್ಲೇ ಬರೆದು, 1950ರ ‘ದಿ ವಾಯೇಜ್ ಆಫ್ ದಿ ಸ್ಪೇಸ್ ಬೀಗಲ್’ ಕಾದಂಬರಿಯಲ್ಲಿ ಸೇರಿಸಿದ್ದರು. ಅವರು ದಾವೆ ಹೂಡಿದರು. ಚಿತ್ರಕಥೆಯ ಲೇಖಕರು ಪ್ರಭಾವವನ್ನು ನಿರಾಕರಿಸಿದರೂ ವ್ಯಾಜ್ಯವು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು.

1984ರ ‘ದಿ ಟರ್ಮಿನೇಟರ್’ ಚಿತ್ರಕ್ಕೂ ಆಕ್ಷೇಪ ಬಂದಿತು. ಭವಿಷ್ಯದ ಯೋಧರು ವರ್ತಮಾನಕ್ಕೆ ಬಂದಿಳಿಯುವ ಕಥೆಯನ್ನು ಹಾರ್ಲನ್ ಎಲಿಸನ್ ಅವರು 1964ರಲ್ಲೇ ದೂರದರ್ಶನ ಸರಣಿಯೊಂದಕ್ಕೆ ಬರೆದಿದ್ದರು. ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಒಪ್ಪದಿದ್ದರೂ, ಎಲಿಸನ್ನರ ಕೃತಿಗಳನ್ನು ಸ್ಮರಿಸುವ ಸಾಲೊಂದು ಚಿತ್ರಕ್ಕೆ ಸೇರಿತು.

ಕಾನೂನು ಕಾಪಾಡುವುದು ಕಲ್ಪನೆಗೆ ಕೊಟ್ಟ ರೂಪವನ್ನು ಮಾತ್ರ; ಬರಿಯ ಕಲ್ಪನೆ ಎಲ್ಲರಿಗೂ ತೆರೆದದ್ದು. ಆದುದರಿಂದಲೇ ಕಾನೂನು ಮೌನವಾಗುವಲ್ಲಿ ಅಂತಃಸಾಕ್ಷಿ ನುಡಿಯಬೇಕು. ವಚನವನ್ನು ನುಡಿದ ಶರಣರಾರೆಂಬುದನ್ನು ಅದರ ಅಂಕಿತವು ಎಂಟು ಶತಮಾನಗಳ ಬಳಿಕವೂ ನಮಗೆ ತಿಳಿಸುತ್ತಿದೆ. ಪಡೆದುದನ್ನು ಪಡೆದೆನೆಂದು ಹೇಳಲು ಒಂದು ಸಾಲು ಸಾಕು. ನಮ್ಮ ಮಕ್ಕಳು ಶಾಲೆಯ ಪ್ರಬಂಧ ಬರೆಯುವಾಗಲೂ ಈ ಮಾತನ್ನು ನೆನೆಯಲಿ.