ಉಪ್ಪು, ಟೂತ್‌ಪೇಸ್ಟ್ ಹಾಕಿ ಗರ್ಭ ಪರೀಕ್ಷೆ ಮಾಡಬಹುದೇ? ಕಿಟ್‌ನ ಕೆಂಪು ಗೆರೆಯಲ್ಲಿ ಇರುವುದೇನು?

ಮೂತ್ರಕ್ಕೆ ಟೂತ್‌ಪೇಸ್ಟ್ ಹಾಕಿದಾಗ ನೊರೆ ಬಂದರೆ ಗರ್ಭಿಣಿ. ಉಪ್ಪು ಹಾಕಿದಾಗ ಮೊಸರಿನಂತೆ ಒಡೆದರೆ ಗರ್ಭಿಣಿ. ಸಕ್ಕರೆ ಕರಗದೆ ಉಂಡೆಯಾದರೆ ಗರ್ಭಿಣಿ. ಇಂಥ ‘ಮನೆಯಲ್ಲೇ ಪರೀಕ್ಷೆ’ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಈ ಮೂರೂ ಸುಳ್ಳು.

ಹಲವು ಟೂತ್‌ಪೇಸ್ಟ್‌ಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ, ಮೂತ್ರ ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಎರಡೂ ಸೇರಿದರೆ ಗುಳ್ಳೆ ಏಳುತ್ತದೆ. ಪೇಸ್ಟ್‌ನಲ್ಲಿರುವ ಸೋಪಿನಂಥ ಪದಾರ್ಥವೂ ಕಲಕಿದರೆ ನೊರೆ ಕೊಡುತ್ತದೆ. ಗಂಡಸಿನ ಮೂತ್ರ ಹಾಕಿದರೂ ಹೀಗೆಯೇ ಆಗುತ್ತದೆ. ಕೆಲವರು ಹೇಳುವಂತೆ ಬ್ಲೀಚಿಂಗ್ ಪೌಡರ್ ಹಾಕುವುದಂತೂ ಬೇಡವೇ ಬೇಡ, ಅದರಿಂದ ಏಳುವ ವಿಷಕಾರಿ ಅನಿಲ ಶ್ವಾಸಕೋಶಕ್ಕೆ ಅಪಾಯ.

ತಂಬಾಕು ಬೆಳೆಯುವ ಊರುಗಳಲ್ಲಿ ಇದು ಯಾಕೆ ಮುಖ್ಯ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳು ರಾಜ್ಯದಲ್ಲಿ ವರ್ಜೀನಿಯಾ ತಂಬಾಕಿನ ಮುಖ್ಯ ನೆಲೆ. ಮಳೆಗಾಲದಲ್ಲಿ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ಗೆ ಏರಿಸುವುದು ಶುರುವಾದರೆ ಹೆಂಗಸರಿಗೆ ಬಿಡುವಿರುವುದಿಲ್ಲ. ಒದ್ದೆ ಹಸಿ ಎಲೆ ಮೈಗೆ ತಾಗಿದಾಗ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ಆಗ ವಾಕರಿಕೆ, ವಾಂತಿ, ತಲೆಸುತ್ತು ಬರುತ್ತದೆ. ಇದಕ್ಕೆ ‘ಹಸಿ ತಂಬಾಕು ಕಾಯಿಲೆ’ ಎನ್ನುತ್ತಾರೆ.

ಗರ್ಭದ ಮೊದಲ ವಾರಗಳ ಲಕ್ಷಣಗಳೂ ಇವೇ! ಹಾಗಾಗಿ ‘ಸೊಪ್ಪಿನ ವಾಸನೆಗೆ ಹೀಗಾಯ್ತು’ ಎಂದು ಗರ್ಭವನ್ನು ಕಡೆಗಣಿಸುವುದು ಸುಲಭ. ಆದರೆ ನಿಕೋಟಿನ್ ಮಾಸನ್ನು ದಾಟಿ ಭ್ರೂಣವನ್ನು ತಲುಪುತ್ತದೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಗೆ ಬುನಾದಿಯಾಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ, ಫೋಲಿಕ್ ಆಮ್ಲ ಹೆಚ್ಚು ಬೇಕಾಗುವುದು ಆಗಲೇ. ನೊರೆ ನೋಡಿ ‘ಇಲ್ಲ’ ಎಂದು ನಂಬಿ ಹೊಲಕ್ಕೆ ಹೋದರೆ ಕಳೆದುಹೋಗುವುದು ಈ ದಿನಗಳು.

ಕಿಟ್ ಹೇಗೆ ಗುರುತಿಸುತ್ತದೆ?

ಗರ್ಭ ಕಟ್ಟಿದಾಗ ಎಚ್‌ಸಿಜಿ ಎಂಬ ಹಾರ್ಮೋನ್ ಉತ್ಪತ್ತಿಯಾಗಿ ಮೂತ್ರಕ್ಕೂ ಬರುತ್ತದೆ. ಕಿಟ್‌ನ ಪಟ್ಟಿಯಲ್ಲಿ ಈ ಹಾರ್ಮೋನನ್ನೇ ಹುಡುಕಿ ಹಿಡಿಯುವ ಪ್ರತಿಕಾಯಗಳಿವೆ. ಹೆಚ್ಚಿನ ಕಿಟ್‌ಗಳಲ್ಲಿ ಅವುಗಳನ್ನು ಚಿನ್ನದ ಸೂಕ್ಷ್ಮ ಕಣಗಳಿಗೆ ಅಂಟಿಸಿರುತ್ತಾರೆ. ನಾವು ನೋಡುವ ಕೆಂಪು ಗೆರೆ ಶಾಯಿಯಲ್ಲ, ಒಂದೆಡೆ ಸಿಕ್ಕಿಬಿದ್ದ ಚಿನ್ನ.

ಚಿನ್ನ ಕೆಂಪಗೇಕೆ? ಈ ಕಣಗಳ ಅಗಲ ಸುಮಾರು 20ರಿಂದ 40 ನ್ಯಾನೋಮೀಟರ್. ನಮ್ಮ ತಲೆಕೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಇಷ್ಟು ಚಿಕ್ಕ ಕಣದ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್‌ಗಳೆಲ್ಲ ಒಟ್ಟಾಗಿ ಅತ್ತಿತ್ತ ಓಲಾಡುತ್ತವೆ. ಆ ಓಲಾಟ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕೆಂಪು ಉಳಿಯುತ್ತದೆ.

ಕಣಗಳು ತೀರಾ ಹತ್ತಿರ ಬಂದರೆ ಕಥೆಯೇ ಬೇರೆ. ಒಂದೇ ಕೊಂಬೆಗೆ ಕಟ್ಟಿದ ಎರಡು ಜೋಕಾಲಿಗಳನ್ನು ನೆನಪಿಸಿಕೊಳ್ಳಿ. ಒಂದನ್ನು ತೂಗಿದರೆ ಕೊಂಬೆಯ ಮೂಲಕ ಇನ್ನೊಂದೂ ಅಲುಗುತ್ತದೆ. ಹಾಗೆಯೇ ಒಂದು ಕಣದ ಎಲೆಕ್ಟ್ರಾನ್ ಓಲಾಟ ಪಕ್ಕದ ಕಣದ ಓಲಾಟದೊಂದಿಗೆ ಬೆಸೆದುಕೊಳ್ಳುತ್ತದೆ. ಇಲ್ಲಿ ಕೊಂಬೆಯ ಕೆಲಸ ಮಾಡುವುದು ವಿದ್ಯುತ್ ಕ್ಷೇತ್ರ. ವಿಜ್ಞಾನಿಗಳು ಇದನ್ನು ಪ್ಲಾಸ್ಮಾನ್ ಕಪ್ಲಿಂಗ್ ಎನ್ನುತ್ತಾರೆ. ಆಗ ಹೀರಿಕೊಳ್ಳುವ ಬಣ್ಣ ಬದಲಾಗಿ ದ್ರಾವಣ ನೇರಳೆ, ನೀಲಿಗೆ ತಿರುಗುತ್ತದೆ. ಕಣಗಳ ನಡುವಿನ ಅಂತರ ಹೆಚ್ಚಿದಂತೆ ಈ ಬೆಸುಗೆ ಬೇಗನೆ ಸಡಿಲವಾಗುತ್ತದೆ.

ನಿಜವಾದ ಉಪ್ಪಿನ ಪರೀಕ್ಷೆ

ಉಪ್ಪಿನ ಪರೀಕ್ಷೆ ಎಂಬುದು ನಿಜಕ್ಕೂ ಇದೆ, ಆದರೆ ಅದು ಮೂತ್ರಕ್ಕಲ್ಲ, ಚಿನ್ನಕ್ಕೆ! ಮೈಕೆಲ್ ಫ್ಯಾರಡೆ 1857ರಲ್ಲೇ ಚಿನ್ನದ ಕೆಂಪು ದ್ರಾವಣಕ್ಕೆ ಉಪ್ಪು ಸೇರಿಸಿದರೆ ಅದು ನೀಲಿಯಾಗುವುದನ್ನು ವಿವರಿಸಿದ್ದರು. ಕಣಗಳ ಮೇಲೆ ಒಂದೇ ಬಗೆಯ ವಿದ್ಯುದಾವೇಶ ಇರುವುದರಿಂದ ಅವು ಒಂದನ್ನೊಂದು ದೂಡುತ್ತಿರುತ್ತವೆ. ಉಪ್ಪು ಆ ದೂಡುವಿಕೆಯನ್ನು ಕುಗ್ಗಿಸುತ್ತದೆ, ಕಣಗಳು ಗುಂಪುಗೂಡುತ್ತವೆ.

ಮೂತ್ರವೂ ಉಪ್ಪುಪ್ಪೇ ತಾನೇ? ಬರಿಯ ಚಿನ್ನ ಬಳಸಿದ್ದರೆ ಕಣಗಳು ಗುಂಪುಗೂಡಿ ಪರೀಕ್ಷೆಯೇ ಕೆಡುತ್ತಿತ್ತು. ಪ್ರತಿಕಾಯಗಳ ಹೊದಿಕೆ ಕಣಗಳನ್ನು ಅಂಟಿಕೊಳ್ಳದಂತೆ ದೂರ ಇಡುತ್ತದೆ. ಹೊದಿಕೆ ಸರಿಯಾಗಿದೆಯೇ ಎಂದು ನೋಡಲು ಪ್ರಯೋಗಾಲಯದಲ್ಲಿ ಚಿನ್ನದ ದ್ರಾವಣಕ್ಕೆ ಉಪ್ಪುನೀರು ಹಾಕುತ್ತಾರೆ. ಕೆಂಪು ಉಳಿದರೆ ಸರಿ, ನೀಲಿಯಾದರೆ ಹೊದಿಕೆ ಸಾಲದು ಎಂದರ್ಥ. ಅಡುಗೆಮನೆಯ ಉಪ್ಪಿಗೆ ಎಚ್‌ಸಿಜಿಯನ್ನು ಗುರುತಿಸುವ ಶಕ್ತಿ ಇಲ್ಲ.

ಹಾಗಾದರೆ ಏನು ಮಾಡಬೇಕು?

ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರದ ‘ನಿಶ್ಚಯ್’ ಕಿಟ್ ಉಚಿತ. ಔಷಧ ಅಂಗಡಿಯಲ್ಲೂ ಬೇರೆ ಕಿಟ್‌ಗಳು ಸಿಗುತ್ತವೆ. ಬೆಳಗಿನ ಮೊದಲ ಮೂತ್ರ ಬಳಸಿ. ಪೊಟ್ಟಣದ ಮೇಲೆ ಬರೆದಿರುವ ಸಮಯದೊಳಗೇ ಫಲಿತಾಂಶ ನೋಡಿ, ಗಂಟೆಗಟ್ಟಲೆ ಬಿಟ್ಟು ನೋಡಿದರೆ ಒಣಗಿದ ಕಲೆಯೇ ಗೆರೆಯಂತೆ ಕಾಣಬಹುದು. ‘ಸಿ’ ಗೆರೆ ಬರದಿದ್ದರೆ ಆ ಕಿಟ್ ಕೆಟ್ಟಿದೆ, ಇನ್ನೊಂದು ಬಳಸಿ. ‘ಟಿ’ ಗೆರೆ ಬಾರದೆ, ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೆ ಪರೀಕ್ಷಿಸಿ.

ಎರಡೂ ಗೆರೆ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ, ಹಸಿ ಸೊಪ್ಪಿನ ಕೆಲಸದಿಂದ ದೂರವಿರಿ. ವಿಪರೀತ ಹೊಟ್ಟೆನೋವು ಅಥವಾ ರಕ್ತಸ್ರಾವ ಇದ್ದರೆ ಕಿಟ್ ಏನೇ ಹೇಳಲಿ, ತಕ್ಷಣ ಆಸ್ಪತ್ರೆಗೆ ಹೋಗಿ. ಟೂತ್‌ಪೇಸ್ಟ್ ಸಂದೇಶ ಇನ್ನೊಮ್ಮೆ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ನಿಶ್ಚಯ್ ಕಿಟ್ ಉಚಿತವಾಗಿ ಸಿಗುತ್ತದೆ ಎಂದು ತಿಳಿಸಿ.