ಎಂಜಿನ್ನಿನ ಉಸಿರು ತಿದ್ದುವವರು

ನಾಲ್ಕು ಸಿಲಿಂಡರಿನ, 2.7 ಲೀಟರಿನ ಪೆಟ್ರೋಲ್ ಎಂಜಿನ್ನೊಂದು ನಿಮಿಷಕ್ಕೆ 4800 ಸುತ್ತು ತಿರುಗುವಾಗ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ? ಲೆಕ್ಕ ಕಷ್ಟದ್ದಲ್ಲ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ನಾಲ್ಕೂ ಸಿಲಿಂಡರುಗಳನ್ನು ತುಂಬಿಕೊಳ್ಳುತ್ತದೆ. ನಿಮಿಷಕ್ಕೆ 2400 ಸಲ ತುಂಬಿದರೆ ಸುಮಾರು 6500 ಲೀಟರ್ ಆಯಿತು. ಸಿಲಿಂಡರುಗಳು ಸಾಮಾನ್ಯವಾಗಿ ಪೂರ್ತಿ ತುಂಬುವುದಿಲ್ಲ. ನೂರಕ್ಕೆ ಎಂಬತ್ತು ಪಾಲು ತುಂಬುತ್ತವೆ ಎಂದುಕೊಂಡರೂ 5000 ಲೀಟರ್ ದಾಟುತ್ತದೆ. ಮನೆಯ ತಾರಸಿಯ ಮೇಲಿರುವಂಥ ಸಾವಿರ ಲೀಟರಿನ ಟ್ಯಾಂಕುಗಳನ್ನು ನಿಮಿಷಕ್ಕೆ ಐದರಂತೆ ಖಾಲಿ ಮಾಡಿದ ಹಾಗೆ. ತೂಗಿದರೆ ಆ ಗಾಳಿ ಆರು ಕಿಲೋ ಮೀರುತ್ತದೆ. ಅದರ ಜೊತೆ ಉರಿಯಲು ಬೇಕಾದ ಪೆಟ್ರೋಲು ಅರ್ಧ ಕಿಲೋ ಕೂಡ ಇಲ್ಲ.

ಇಷ್ಟೆಲ್ಲ ಗಾಳಿ ಒಳಗೆ ಹೋಗುವ ದಾರಿಯನ್ನು ಅಗಲಿಸುವ, ನೇರ ಮಾಡುವ, ತಂಪಾಗಿಡುವ ಒಂದು ಕೈಕಸುಬು ಅಮೆರಿಕದ ಪಿಕಪ್ ಮಾಲೀಕರ ನಡುವೆ ದಶಕಗಳಿಂದ ಬೆಳೆದುಬಂದಿದೆ. ಇದಕ್ಕೆ ದೊಡ್ಡ ವರ್ಕ್‌ಶಾಪು ಬೇಕಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿಕೊಂಡು, ಒಂದು ಡ್ರಿಲ್ಲು, ಕೆಲವು ಕ್ಲಾಂಪು, ಪ್ಲಂಬಿಂಗ್ ಅಂಗಡಿಯ ಪೈಪಿನ ತುಂಡು ಇಷ್ಟರಲ್ಲೇ ನಡೆಯುವ ಕೆಲಸ. ಇದಕ್ಕೆ ಹೆಚ್ಚು ಒಗ್ಗಿಬಂದ ಗಾಡಿಗಳಲ್ಲಿ ಟೊಯೋಟಾದ ಮೊದಲ ತಲೆಮಾರಿನ ಟಕೋಮಾ ಒಂದು. 1995ರಿಂದ 2004ರ ಮಾದರಿಯವರೆಗೆ ನಡೆದ ಈ ಪಿಕಪ್, ಟೊಯೋಟಾ ಮತ್ತು ಜನರಲ್ ಮೋಟಾರ್ಸ್ 1984ರಿಂದ ಜೊತೆಯಾಗಿ ನಡೆಸಿದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಅದರ 2.7 ಲೀಟರಿನ ಎಂಜಿನ್ನಿಗೆ '3ಆರ್‌ಝಡ್' ಎಂದು ಹೆಸರು. ಸಿಲಿಂಡರಿನ ಅಗಲವೂ 95 ಮಿ.ಮೀ., ಪಿಸ್ಟನ್ನಿನ ಓಡಾಟವೂ 95 ಮಿ.ಮೀ.; ಶಕ್ತಿ 150 ಅಶ್ವಶಕ್ತಿ. ಗಟ್ಟಿಮುಟ್ಟಾದ, ಆದರೆ ಚುರುಕಿಗೆ ಹೆಸರಾಗದ ಎಂಜಿನ್. ಲೋಡು ಹೇರಿ ಏರು ಹತ್ತುವಾಗ ಇನ್ನೊಂದಿಷ್ಟು ಕಸುವಿದ್ದರೆ ಎಂದು ಮಾಲೀಕನಿಗೆ ಅನ್ನಿಸುವುದು ಸಹಜ.

ಬಾನೆಟ್ ಎತ್ತಿದರೆ ಗಾಳಿಯ ದಾರಿ ಹೀಗೆ ಸಾಗುತ್ತದೆ. ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡಿನ ಟೊಳ್ಳಿನಿಂದ ಗಾಳಿ ಒಳಬಂದು ಒಂದು ಪ್ಲಾಸ್ಟಿಕ್ ಡಬ್ಬಿ ಸೇರುತ್ತದೆ. ಅಲ್ಲಿ ಕಾಗದದ ಫಿಲ್ಟರ್ ದಾಟಿ, ಮುಂದೆ ರಬ್ಬರ್ ಹೋಸಿನಲ್ಲಿ ಹರಿದು, ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕೆಂದು ತಡೆದು ಬಿಡುವ ಥ್ರಾಟಲ್ ತಲುಪುತ್ತದೆ. ನಡುವೆ ಅಲ್ಲಲ್ಲಿ ಖಾಲಿ ಪೆಟ್ಟಿಗೆಗಳು ಅಂಟಿಕೊಂಡಿರುತ್ತವೆ, ಬೇಡದ ಬಳುಕುಗಳಿರುತ್ತವೆ. ಮೊದಲ ಸಲ ನೋಡಿದವರಿಗೆ ಕಂಪನಿಯವರು ಬೇಕೆಂದೇ ಎಂಜಿನ್ನಿನ ಮೂಗು ಹಿಡಿದಿದ್ದಾರೆ ಅನ್ನಿಸುತ್ತದೆ. ಅವರ ತಲೆಯಲ್ಲಿದ್ದದ್ದು ಬೇರೆ ಚಿಂತೆ. ಮಳೆನೀರು ಒಳಗೆ ಬರಬಾರದು, ದೂಳು ಕಡಿಮೆಯಿರಬೇಕು, ಎಂಜಿನ್ ಗಾಳಿ ಎಳೆಯುವ ಸದ್ದು ಕ್ಯಾಬಿನ್ನಿಗೆ ಕೇಳಬಾರದು. ಮಡ್‌ಗಾರ್ಡಿನ ಒಳಗಿನ ಗಾಳಿ ಬಾನೆಟ್ಟಿನ ಒಳಗಿನದಕ್ಕಿಂತ ತಂಪು ಎಂಬುದೂ ಅವರಿಗೆ ಗೊತ್ತಿತ್ತು.

ಟಕೋಮಾ ಮಾಲೀಕರು ಕಂಡುಕೊಂಡ ಉಪಾಯಕ್ಕೆ 'ಡೆಕ್ ಪ್ಲೇಟ್' ಎಂದು ಹೆಸರು. ಡೆಕ್ ಪ್ಲೇಟ್ ಮೂಲದಲ್ಲಿ ದೋಣಿಯ ಸಾಮಾನು. ದೋಣಿಯ ಮೇಲ್ಮೈಯಲ್ಲಿ ಕೈ ಹೋಗುವಷ್ಟು ತೂತಿಟ್ಟು, ಅದಕ್ಕೆ ತಿರುಗಿಸಿ ಬಿಗಿಯುವ ದುಂಡನೆಯ ಪ್ಲಾಸ್ಟಿಕ್ ಮುಚ್ಚಳ ಹಾಕುತ್ತಾರೆ. ಅಂಚಿನಲ್ಲಿ ರಬ್ಬರ್ ರಿಂಗು ಇರುವುದರಿಂದ ನೀರು ಇಳಿಯುವುದಿಲ್ಲ. ಇದೇ ಮುಚ್ಚಳವನ್ನು ಪಿಕಪ್ಪಿನ ಏರ್ ಫಿಲ್ಟರ್ ಡಬ್ಬಿಯ ಗೋಡೆಗೆ ಕೂರಿಸಿದರೆ? ಬಿಸಿಲಿನ ದಿನ ತಿರುಗಿಸಿ ತೆಗೆದರೆ ಡಬ್ಬಿಗೆ ಇನ್ನೊಂದು ದೊಡ್ಡ ಬಾಯಿ. ಮಳೆ ಬಂತು, ಹೊಳೆ ದಾಟಬೇಕು, ಮಣ್ಣಿನ ರಸ್ತೆ ಸಿಕ್ಕಿತು ಎಂದಾಗ ಮುಚ್ಚಿ ಬಿಗಿದರೆ ಗಾಡಿ ಕಂಪನಿಯಿಂದ ಬಂದ ಹಾಗೆಯೇ. ಮೂರು ಇಂಚಿನ ಪೈಪಿಗೆ ಹೋಲಿಸಿದರೆ ಆರು ಇಂಚಿನ ತೂತಿನ ವಿಸ್ತೀರ್ಣ ನಾಲ್ಕು ಪಟ್ಟು. ಒಂದು ಕಸುಬಿನ ವಸ್ತುವನ್ನು ಇನ್ನೊಂದು ಕಸುಬು ಎರವಲು ಪಡೆದ ಈ ಜಾಣತನವನ್ನು ಮೆಚ್ಚಲೇಬೇಕು. ಕೆಲಸ ಮನಸ್ಸಿಗೆ ಬರದಿದ್ದರೆ ಮುಚ್ಚಿಟ್ಟರಾಯಿತು, ಗಾಡಿಗೇನೂ ಕೆಡುಕಾಗುವುದಿಲ್ಲ.

ಕೆಲಸದಲ್ಲಿ ಎಚ್ಚರ ಬೇಕಾದದ್ದು ತೂತು ಎಲ್ಲಿ ಎಂಬುದರಲ್ಲಿ. ಫಿಲ್ಟರಿಗೆ ಮೊದಲು ಸಿಗುವ ಭಾಗದಲ್ಲೇ, ಅಂದರೆ ದೂಳಿನ ಗಾಳಿ ಇರುವ ಕಡೆಯೇ ಕೊರೆಯಬೇಕು. ಫಿಲ್ಟರ್ ದಾಟಿದ ಮೇಲಿನ ಗೋಡೆಗೆ ಕೂದಲೆಳೆಯಷ್ಟು ಸೀಳು ಬಿದ್ದರೂ ದೂಳು ನೇರ ಸಿಲಿಂಡರಿಗೆ ಹೋಗುತ್ತದೆ. ಹಾಗಾಗಿ ಅನುಭವಿಗಳು ಮೊದಲು ಡಬ್ಬಿಯನ್ನು ಗಾಡಿಯಿಂದ ಕಳಚಿ ಹೊರಗಿಡುತ್ತಾರೆ. ರಟ್ಟಿನಲ್ಲಿ ಅಳತೆ ಕತ್ತರಿಸಿ ಇಟ್ಟುನೋಡುತ್ತಾರೆ. ಬ್ಯಾಟರಿಯೋ ಹೆಡ್‌ಲೈಟಿನ ಹಿಂಭಾಗವೋ ಅಡ್ಡ ಬಾರದೆ ಮುಚ್ಚಳ ತಿರುಗುವಷ್ಟು ಜಾಗ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಕೊರೆತ. ಅಂಚಿನ ಪ್ಲಾಸ್ಟಿಕ್ ಚೂರುಗಳನ್ನು ಕೆರೆದು, ಡಬ್ಬಿ ತೊಳೆದು ಒಣಗಿಸಿ, ಸಿಲಿಕೋನ್ ಹಚ್ಚಿ, ಸ್ಕ್ರೂ ಬಿಗಿಯುತ್ತಾರೆ. ಡಬ್ಬಿಯ ಗೋಡೆ ಡೊಂಕಾಗಿದ್ದು ಮುಚ್ಚಳ ಸಪಾಟಾಗಿದ್ದರೆ ನಡುವೆ ಗ್ಯಾಸ್ಕೆಟ್ ಕೊಡುತ್ತಾರೆ.

ಮುಗಿಸಿ ಗಾಡಿ ಓಡಿಸಿದರೆ ಮೊದಲು ತಿಳಿಯುವುದು ಸದ್ದು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬಾನೆಟ್ಟಿನ ಒಳಗಿಂದ ಗಂಭೀರವಾದ ಗುಡುಗು ಹೊಮ್ಮುತ್ತದೆ. ಆ ಖಾಲಿ ಪೆಟ್ಟಿಗೆಗಳು ಇದ್ದದ್ದು ಇದಕ್ಕಾಗಿಯೇ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ವಿವರಿಸಿದ ತತ್ತ್ವದಂತೆ, ಕಿರಿದಾದ ಕುತ್ತಿಗೆಯಿರುವ ಟೊಳ್ಳೊಂದು ತನ್ನ ಅಳತೆಗೆ ತಕ್ಕ ಒಂದು ಸ್ವರಕ್ಕೆ ಮಿಡಿಯುತ್ತದೆ. ಅದನ್ನು ಗಾಳಿಯ ಪೈಪಿನ ಪಕ್ಕಕ್ಕೆ ಜೋಡಿಸಿದರೆ ಆ ಸ್ವರ ಅಲ್ಲೇ ಅಡಗುತ್ತದೆ. ಪೆಟ್ಟಿಗೆ ತೆಗೆದರೆ, ಡಬ್ಬಿಯ ಬಾಯಿ ತೆರೆದರೆ, ಅಡಗಿದ್ದ ಸ್ವರ ಹೊರಬರುತ್ತದೆ. ಕಿವಿಗೆ ಜೋರೆನಿಸಿದ ಗಾಡಿ ಮನಸ್ಸಿಗೂ ಜೋರೆನಿಸುತ್ತದೆ. ನಿಜವಾಗಿ ಎಷ್ಟು ಗಳಿಕೆಯಾಯಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕು.

ಆ ಸಾಕ್ಷಿಯನ್ನು ಅತಿ ಕಡಿಮೆ ಖರ್ಚಿನಲ್ಲಿ ಕೊಡುವ ಸಾಧನ ಇಂಗ್ಲಿಷಿನ 'ಯು' ಆಕಾರಕ್ಕೆ ಬಗ್ಗಿಸಿದ ಪಾರದರ್ಶಕ ಟ್ಯೂಬು. ಒಳಗೆ ಬಣ್ಣದ ನೀರು, ಪಕ್ಕದಲ್ಲಿ ಅಳತೆಪಟ್ಟಿ. ಒಂದು ತುದಿಯನ್ನು ಗಾಳಿಯ ದಾರಿಯ ಯಾವುದಾದರೂ ಒಂದು ಜಾಗಕ್ಕೆ ಸಿಕ್ಕಿಸಿ, ಇನ್ನೊಂದನ್ನು ಬಯಲಿಗೆ ಬಿಡುತ್ತಾರೆ. ಒಬ್ಬ ಪೂರ್ತಿ ಆಕ್ಸಿಲರೇಟರ್ ಒತ್ತಿ ಏರು ಹತ್ತಿಸುತ್ತಾನೆ, ಪಕ್ಕದಲ್ಲಿ ಕೂತವನು ಎರಡೂ ಕಡೆಯ ನೀರಿನ ಮಟ್ಟದ ನಡುವೆ ಎಷ್ಟು ಇಂಚು ಅಂತರ ಬಂತೆಂದು ಓದುತ್ತಾನೆ. ಸಮುದ್ರಮಟ್ಟದ ವಾತಾವರಣದ ಒತ್ತಡವನ್ನು ಹೀಗೆ ಅಳೆದರೆ ಸುಮಾರು 407 ಇಂಚು ನೀರು. ಹಾಗಾಗಿ ದಾರಿಯಲ್ಲಿ ನಾಲ್ಕು ಇಂಚು ಕಳೆದರೆ ಸಿಲಿಂಡರಿಗೆ ತಲುಪುವ ಒತ್ತಡದಲ್ಲಿ ನೂರಕ್ಕೆ ಒಂದು ಪಾಲು ಕಳೆದಂತೆ. 150 ಅಶ್ವಶಕ್ತಿಯ ಎಂಜಿನ್ನಿಗೆ ಅದು ಒಂದೂವರೆ ಅಶ್ವಶಕ್ತಿ.

ಟ್ಯೂಬನ್ನು ಫಿಲ್ಟರಿಗೆ ಮೊದಲು ಒಮ್ಮೆ, ದಾಟಿದ ಮೇಲೆ ಒಮ್ಮೆ, ಥ್ರಾಟಲಿನ ಹತ್ತಿರ ಒಮ್ಮೆ ಸಿಕ್ಕಿಸಿದರೆ ಗಾಳಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದು ಸ್ಪಷ್ಟವಾಗುತ್ತದೆ. ಒತ್ತಡವೆಲ್ಲ ಡಬ್ಬಿಯ ಬಾಯಲ್ಲೇ ಕಳೆಯುತ್ತಿದ್ದರೆ ಡೆಕ್ ಪ್ಲೇಟಿಗೆ ಅರ್ಥವಿದೆ. ಕೊಳೆಯಾದ ಫಿಲ್ಟರಿನಲ್ಲಿ ಕಳೆಯುತ್ತಿದ್ದರೆ ಹೊಸ ಫಿಲ್ಟರ್ ಹಾಕಿದರೆ ಮುಗಿಯಿತು. ಈ ಕಸುಬಿನ ಜೀವ ಇರುವುದು ಈ ಅಳತೆಯಲ್ಲಿ. ಹೊಳೆಯುವ ಅಲ್ಯೂಮಿನಿಯಂ ಪೈಪು ಕೊಳ್ಳುವವನಿಗಿಂತ ಬಣ್ಣದ ನೀರಿನ ಟ್ಯೂಬು ಹಿಡಿಯುವವನೇ ಗಾಡಿಯನ್ನು ಹೆಚ್ಚು ಬಲ್ಲ.

ವೇಗದಲ್ಲಿ ಎದುರು ಬರುವ ಗಾಳಿಯನ್ನು ಹಿಡಿದು ಎಂಜಿನ್ನಿಗೆ ತುಂಬಿಸಬಹುದು ಎಂಬ ಆಸೆ ಬಹಳ ಜನರಿಗೆ ಇದೆ. ಆದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿ ಕೊಡುವ ಹೆಚ್ಚಿನ ಒತ್ತಡ ವಾತಾವರಣದ ಒತ್ತಡದ ಅರ್ಧ ಪ್ರತಿಶತಕ್ಕೂ ಕಡಿಮೆ. ಇದೇ ಎಂಜಿನ್ನನ್ನು ಮಂಗಳೂರಿನ ಕಡಲತಡಿಯಿಂದ ಘಾಟಿ ಹತ್ತಿಸಿ ಬೆಂಗಳೂರಿಗೆ ತಂದರೆ ಗಾಳಿಯ ಒತ್ತಡ ತಾನಾಗಿ ನೂರಕ್ಕೆ ಹತ್ತರಷ್ಟು ಇಳಿದಿರುತ್ತದೆ. ಎತ್ತರ ಕಿತ್ತುಕೊಂಡದ್ದನ್ನು ಯಾವ ಪೈಪೂ ಮರಳಿ ಕೊಡಲಾರದು.

ತಾಪದ ವಿಷಯದಲ್ಲಿ ಮಾತ್ರ ಕೈಗೆ ಸಿಗುವ ಲಾಭನಷ್ಟ ಇದೆ. ಡಬ್ಬಿಯನ್ನೇ ಕಿತ್ತೆಸೆದು ಪೈಪಿನ ತುದಿಗೆ ಶಂಕುವಿನಾಕಾರದ ಬಯಲು ಫಿಲ್ಟರ್ ಸಿಕ್ಕಿಸುವುದು ಬಹುಕಾಲದಿಂದ ಚಾಲ್ತಿಯಲ್ಲಿರುವ ಮಾರ್ಪಾಡು. ನೋಡಲು ಚೆಂದ, ಸದ್ದೂ ಜೋರು. ಆದರೆ ಅದು ಎಳೆದುಕೊಳ್ಳುವುದು ರೇಡಿಯೇಟರ್ ಮತ್ತು ಎಂಜಿನ್ ಕಾಯಿಸಿದ ಗಾಳಿಯನ್ನು. ಹೊರಗೆ 30 ಡಿಗ್ರಿ ಇದ್ದು ಬಾನೆಟ್ಟಿನೊಳಗೆ 60 ಡಿಗ್ರಿ ಇದ್ದರೆ ಗಾಳಿಯ ಸಾಂದ್ರತೆ ನೂರಕ್ಕೆ ಒಂಬತ್ತರಷ್ಟು ಇಳಿಯುತ್ತದೆ. ನಾಲ್ಕು ಇಂಚು ನೀರಿನ ಅಡೆತಡೆ ತೆಗೆದು ಒಂದು ಪಾಲು ಗಳಿಸಿದವನು ಬಿಸಿಗಾಳಿಯಿಂದ ಒಂಬತ್ತು ಪಾಲು ಕಳೆದುಕೊಳ್ಳಬಹುದು. ಟ್ರಾಫಿಕ್ಕಿನಲ್ಲಿ ನಿಂತು ತೆವಳುವಾಗ ಈ ನಷ್ಟ ಹೆಚ್ಚು, ಹೆದ್ದಾರಿಯಲ್ಲಿ ಗಾಳಿ ಆಡುವಾಗ ಕಡಿಮೆ. ಬಯಲು ಫಿಲ್ಟರ್ ಹಾಕಲೇಬೇಕೆಂದರೆ ಅದರ ಸುತ್ತ ತಗಡಿನ ಗೋಡೆ ಕಟ್ಟಿ, ಮಡ್‌ಗಾರ್ಡಿನ ಕಡೆಯಿಂದಷ್ಟೇ ಗಾಳಿ ಬರುವಂತೆ ಮಾಡಬೇಕು.

ಟಕೋಮಾಗಿಂತ ಹಿಂದಿನ ಟೊಯೋಟಾ ಪಿಕಪ್ಪಿನ 2.4 ಲೀಟರಿನ '22ಆರ್‌ಇ' ಎಂಜಿನ್ನಿನದು ಇನ್ನೊಂದು ಪಾಠ. 1995ರವರೆಗೂ ಓಡಿದ ಈ ಎಂಜಿನ್ನಿನಲ್ಲಿ ಗಾಳಿಯನ್ನು ಅಳೆಯುವುದು ಸ್ಪ್ರಿಂಗಿನ ಬಲಕ್ಕೆ ಎದುರಾಗಿ ತೆರೆಯುವ ಒಂದು ಬಾಗಿಲು. ಬಾಗಿಲು ಎಷ್ಟು ತೆರೆಯಿತೋ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಬಿಡುತ್ತದೆ. ಆ ಬಾಗಿಲೇ ಗಾಳಿಗೆ ಅಡ್ಡ, ಆದರೆ ಅದನ್ನು ತೆಗೆದರೆ ಎಂಜಿನ್ನಿಗೆ ಲೆಕ್ಕವೇ ತಪ್ಪುತ್ತದೆ. ಬಾಗಿಲಿನಿಂದ ಥ್ರಾಟಲಿಗೆ ಹೋಗುವ ಸುಕ್ಕುಸುಕ್ಕಾದ ರಬ್ಬರ್ ಹೋಸು ವರ್ಷಗಳ ಬಿಸಿಗೆ ಗಡುಸಾಗಿ, ಸುಕ್ಕಿನ ಒಳಗೆ ಕಣ್ಣಿಗೆ ಕಾಣದಂತೆ ಬಿರಿಯುತ್ತದೆ. ಬಾಗಿಲು ಅಳೆಯದ ಗಾಳಿ ಆ ಬಿರುಕಿನಿಂದ ನುಸುಳುತ್ತದೆ, ಪೆಟ್ರೋಲು ಸಾಲದೆ ಎಂಜಿನ್ ತಡವರಿಸುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಹಳೆಯ ಗಾಡಿಗೆ ಹೊಸ ಇನ್‌ಟೇಕ್, ಅಂದರೆ ಗಾಳಿ ಎಳೆಯುವ ಪೈಪು-ಫಿಲ್ಟರಿನ ಜೋಡಣೆ, ಕೂರಿಸಲು ಹೊರಟವರು ಮೊದಲು ಆ ಹೋಸನ್ನು ಕೈಯಲ್ಲಿ ಹಿಗ್ಗಿಸಿ ನೋಡುವುದು ಒಳ್ಳೆಯದು.

ಇನ್ನು ಫಿಲ್ಟರ್. ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ 1969ರಲ್ಲಿ ಶುರುವಾದ ಕೆ ಅಂಡ್ ಎನ್ ಕಂಪನಿ, ಎಣ್ಣೆ ಹಚ್ಚಿದ ಹತ್ತಿಬಟ್ಟೆಯ, ತೊಳೆದು ಮತ್ತೆ ಹಾಕಬಹುದಾದ ಫಿಲ್ಟರನ್ನು ಮನೆಮಾತಾಗಿಸಿತು. ಕಾಗದಕ್ಕಿಂತ ಅದರಲ್ಲಿ ಗಾಳಿ ಸಲೀಸಾಗಿ ಹರಿಯುತ್ತದೆ ಎಂಬುದೇ ಅದರ ಆಕರ್ಷಣೆ. ಆದರೆ ಗಾಳಿಯನ್ನು ಸಲೀಸಾಗಿ ಬಿಡುವುದು ಮತ್ತು ದೂಳನ್ನು ಗಟ್ಟಿಯಾಗಿ ಹಿಡಿಯುವುದು ಒಂದನ್ನೊಂದು ಎಳೆಯುವ ಗುಣಗಳು. ಇವೆರಡನ್ನೂ ಅಳೆಯಲೆಂದೇ ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನವಿದೆ. ಹಾದು ಹೋದ ಸಿಲಿಕಾ ಕಣ ಪಿಸ್ಟನ್ ರಿಂಗನ್ನೂ ಸಿಲಿಂಡರಿನ ಗೋಡೆಯನ್ನೂ ಉಜ್ಜುತ್ತದೆ. ಬಟ್ಟೆಯ ಫಿಲ್ಟರಿಗೆ ಎಣ್ಣೆ ಹೆಚ್ಚಾಗಿ ಹಚ್ಚಿದರೆ ಅದು ಹಾರಿ, ಹೊಸ ಗಾಡಿಗಳಲ್ಲಿ ಗಾಳಿ ಅಳೆಯುವ ಕಾದ ತಂತಿಗೆ ಅಂಟಬಹುದು. ಮಣ್ಣಿನ ದಾರಿಯಲ್ಲೇ ಹೆಚ್ಚು ಓಡುವ ಪಿಕಪ್ಪಿಗೆ ಕಾಗದದ ಫಿಲ್ಟರೇ ಸರಿ.

ಆಸ್ಟ್ರೇಲಿಯಾದಲ್ಲಿ ಈ ಕಸುಬು ಮೇಲ್ಮುಖವಾಗಿ ಬೆಳೆದಿದೆ. ಅಲ್ಲಿನ ಟೊಯೋಟಾ ಹೈಲಕ್ಸ್ ಪಿಕಪ್ಪುಗಳ ಪಕ್ಕದಿಂದ ಎದ್ದು ಚಾವಣಿಯವರೆಗೆ ಹೋಗುವ ಕಪ್ಪು ಪೈಪಿಗೆ ಸ್ನಾರ್ಕೆಲ್ ಎನ್ನುತ್ತಾರೆ. ಹೊಳೆ ದಾಟುವಾಗ ಎಂಜಿನ್ ನೀರು ಕುಡಿಯದಿರಲಿ ಎಂಬುದು ಒಂದು ಉದ್ದೇಶ. ನೀರನ್ನು ಗಾಳಿಯ ಹಾಗೆ ಅದುಮಲಾಗದು. ಸಿಲಿಂಡರಿನಲ್ಲಿ ನೀರು ತುಂಬಿದ್ದಾಗ ಪಿಸ್ಟನ್ ಮೇಲೆದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ದಿನದ ಬಳಕೆಯಲ್ಲಿ ಇನ್ನೂ ಹೆಚ್ಚಿನ ಉಪಕಾರ ದೂಳಿನದು. ಮುಂದಿನ ಗಾಡಿ ಎಬ್ಬಿಸಿದ ದೂಳು ಚಕ್ರದ ಮಟ್ಟದಲ್ಲಿ ದಟ್ಟ, ಚಾವಣಿಯ ಮಟ್ಟದಲ್ಲಿ ತೆಳು. ನಮ್ಮ ಹಳೆಯ ಟ್ರ್ಯಾಕ್ಟರುಗಳ ಬಾನೆಟ್ಟಿನ ಮೇಲೆ ಗಾಳಿಯ ಪೈಪು ಎದ್ದುನಿಂತಿರುವುದೂ, ಅದರ ತಲೆಯಲ್ಲಿ ದೂಳು ಸುತ್ತಿ ಬೀಳುವ ಬಟ್ಟಲು ಇರುವುದೂ ಇದೇ ಕಾರಣಕ್ಕೆ. ಸ್ನಾರ್ಕೆಲ್ ಹಾಕಿಸಿಯೂ ಡಬ್ಬಿಯ ತಳದ ನೀರಿಳಿಯುವ ತೂತನ್ನು, ಪೈಪುಗಳ ಸೇರುವೆಗಳನ್ನು ಹಾಗೇ ಬಿಟ್ಟರೆ ನೀರು ಅಲ್ಲಿಂದಲೇ ಬರುತ್ತದೆ.

ಕಾನೂನು ಈ ಕಸುಬಿನ ಬೆನ್ನಿಗೇ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಮಾರುವ ಇನ್‌ಟೇಕ್ ಕಿಟ್ಟುಗಳಿಗೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿ ಕೊಟ್ಟ ಅನುಮತಿ ಸಂಖ್ಯೆ ಇರಬೇಕು, ಹೊಗೆ ತಪಾಸಣೆಯವರು ಬಾನೆಟ್ ಎತ್ತಿ ಅದನ್ನು ನೋಡುತ್ತಾರೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿಯ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲಿ ಕೊರೆಯಲು ಹೊರಡುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

2022ರಲ್ಲಿ ಭಾರತಕ್ಕೆ ಬಂದ ಹೈಲಕ್ಸ್ ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಜೋಡಣೆಯಾಗುತ್ತದೆ. ಅದರ 2.8 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ನಿಗೆ ಟರ್ಬೊ ಇದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಡೆಕ್ ಪ್ಲೇಟಿನಂಥ ಉಪಾಯಕ್ಕೆ ಅಲ್ಲಿ ಕೆಲಸ ಕಡಿಮೆ. ಮಾರುಕಟ್ಟೆಗೆ ಟೊಮೆಟೊ, ಈರುಳ್ಳಿ ಹೊರುವ ಬೊಲೆರೊ ಪಿಕಪ್ಪಿನದೂ ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ಲೇ. ಈ ಗಾಡಿಗಳಲ್ಲಿ ತೂತು ಕೊರೆಯದೆ ಮಾಡಬಹುದಾದದ್ದು ಸಾಕಷ್ಟಿದೆ: ಹೋಸುಗಳ ಕ್ಲಾಂಪು ಸಡಿಲವಾಗಿದೆಯೇ ನೋಡುವುದು, ಡಬ್ಬಿಯ ಮುಚ್ಚಳದ ಕ್ಲಿಪ್ಪು ಮುರಿದಿದ್ದರೆ ತಂತಿ ಕಟ್ಟದೆ ಹೊಸದು ಹಾಕಿಸುವುದು, ಫಿಲ್ಟರಿನ ರಬ್ಬರ್ ಅಂಚು ಪೂರ್ತಿ ಕೂತಿದೆಯೇ ಎಂದು ಬೆರಳಾಡಿಸಿ ನೋಡುವುದು. ಕಾಗದದ ಫಿಲ್ಟರಿಗೆ ಗಾಳಿ ಹೊಡೆಸುವುದಿದ್ದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ ಹೊಡೆಸಬೇಕು. ಹೊರಗಿನಿಂದ ಹೊಡೆದರೆ ದೂಳು ಕಾಗದದ ಎಳೆಗಳ ಒಳಕ್ಕೆ ನಾಟುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಹತ್ತಿರ ಹಿಡಿದರೆ ಕಾಗದ ಹರಿದೇ ಹೋಗಬಹುದು. ಬಲ್ಬು ಹಿಡಿದು ಬೆಳಕಿಗೆ ನೋಡಿದಾಗ ಸೂಜಿಮೊನೆಯಷ್ಟು ತೂತು ಕಂಡರೂ ಆ ಫಿಲ್ಟರನ್ನು ಮತ್ತೆ ಹಾಕುವಂತಿಲ್ಲ.